ಮ್ಯೂನಿಕ್ ಆಕ್ಟೋಬರ್‌ಫೆಸ್ಟ್‌ಗೆ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗುವುದು ಹೇಗೆ?

ಆಗಸ್ಟ್ ಬಂತೆಂದರೆ ಜರ್ಮನಿಯಲ್ಲಿರುವ ನಮ್ಮವರಿಂದ ಮ್ಯೂನಿಕ್ ಊರಿನ ಈ ದೊಡ್ಡ ಬಿಯರ್ ಹಬ್ಬದ ಬಗ್ಗೆ ಅವೇ ಪ್ರಶ್ನೆಗಳು ಶುರುವಾಗುತ್ತವೆ. ಟಿಕೆಟ್ ಎಲ್ಲಿ ಸಿಗುತ್ತೆ? ಊರಿಂದ ಅಪ್ಪ-ಅಮ್ಮ ಬಂದಿದ್ದಾರೆ, ಕರೆದುಕೊಂಡು ಹೋಗಬಹುದಾ? ನಾವು ಸಸ್ಯಾಹಾರಿಗಳು, ತಿನ್ನೋಕೆ ಏನಾದರೂ ಇರುತ್ತಾ? ಕುಡಿಯದವರಿಗೆ ಅಲ್ಲೇನು ಕೆಲಸ? ಮ್ಯೂನಿಕ್‌ನಲ್ಲೇ ಇರುವುದರಿಂದ ಒಬ್ಬೊಬ್ಬರಿಗೂ ವಾಟ್ಸಾಪ್‌ನಲ್ಲಿ ಬರೆದು ಕಳಿಸುತ್ತಿದ್ದೆ. ಈ ಸಲ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಚುಟುಕು ಉತ್ತರ ಬೇಕಾದವರಿಗೆ: ಟಿಕೆಟ್ ಇಲ್ಲ, ಹಬ್ಬದ ಮೈದಾನಕ್ಕೂ ಬಿಯರ್, ಊಟ ಬಡಿಸುವ ಟೆಂಟಿಗೂ ಪ್ರವೇಶ ಉಚಿತ. ಅಪ್ಪ-ಅಮ್ಮನನ್ನು ಧಾರಾಳವಾಗಿ ಕರೆದುಕೊಂಡು ಹೋಗಿ. ಸಸ್ಯಾಹಾರ ಸಿಗುತ್ತದೆ, ಆದರೆ ಕೇಳಿ ತಿನ್ನಬೇಕು. ಹೋಗುವುದಾದರೆ ವಾರದ ದಿನ ಹೋಗಿ, ಮಧ್ಯಾಹ್ನದೊಳಗೆ ಹೋಗಿ. ಈ ಲೇಖನದಲ್ಲಿ ಇದೊಂದು ಮಾತು ನೆನಪಿಟ್ಟುಕೊಂಡರೂ ಅರ್ಧ ತೊಂದರೆ ತಪ್ಪುತ್ತದೆ. ರಾತ್ರಿಯ ಗಲಾಟೆಯ ಚಿತ್ರಗಳನ್ನಷ್ಟೇ ನೋಡಿ ಇದು ಕುಡುಕರ ಜಾತ್ರೆ ಎಂದುಕೊಂಡವರು ಬಹಳ ಮಂದಿ ಇದ್ದಾರೆ. ಮಂಗಳವಾರ ಮಧ್ಯಾಹ್ನ 12 ಗಂಟೆಗೆ ಬಂದು ನೋಡಿದರೆ ಅಜ್ಜಿ, ಮೊಮ್ಮಕ್ಕಳು, ಕಚೇರಿಯ ಗೆಳೆಯರು ಒಂದೇ ಉದ್ದದ ಮೇಜಿಗೆ ಕೂತು ಊಟ ಮಾಡುತ್ತಿರುತ್ತಾರೆ.

ಹಿನ್ನೆಲೆ ಇಷ್ಟು. 1810ರ ಅಕ್ಟೋಬರ್ 12ರಂದು ಬವೇರಿಯಾದ ಯುವರಾಜ ಲುಡ್ವಿಗ್‌ಗೂ ರಾಜಕುಮಾರಿ ಥೆರೇಸೆಗೂ ಮದುವೆಯಾಯಿತು. ಊರಿನ ಜನರನ್ನೆಲ್ಲ ಸಂಭ್ರಮಕ್ಕೆ ಕರೆದು, ಅಕ್ಟೋಬರ್ 17ರಂದು ಊರಾಚೆಯ ಬಯಲಿನಲ್ಲಿ ಕುದುರೆ ಓಟ ಇಟ್ಟರು. ಆ ಬಯಲಿಗೆ ವಧುವಿನ ಹೆಸರೇ ನಿಂತಿತು: ಥೆರೇಸಿಯೆನ್‌ವೀಸೆ. ವೀಸೆ ಎಂದರೆ ಹುಲ್ಲುಗಾವಲು. ಊರಿನವರು ಹಬ್ಬವನ್ನೇ 'ವೀಸ್‌ನ್' ಎನ್ನುತ್ತಾರೆ. ಆಕ್ಟೋಬರ್‌ಫೆಸ್ಟ್ ಎಂಬ ಮಾತು ಅವರ ಬಾಯಲ್ಲಿ ಬರುವುದು ಅಪರೂಪ. ನಮ್ಮ ಕಡೆ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರಾ ಆರಂಭಿಸಿದ್ದು 1610ರಲ್ಲಿ. ಇದಕ್ಕಿಂತ ಸರಿಯಾಗಿ 200 ವರ್ಷ ಮೊದಲು. ಅರಮನೆಯಿಂದ ಹೊರಟು ಊರಿನ ಹಬ್ಬವಾದ ದಸರೆಯನ್ನು ನೋಡಿ ಬೆಳೆದವರಿಗೆ ವೀಸ್‌ನ್ ಅರ್ಥವಾಗಲು ಹೆಚ್ಚು ಹೊತ್ತು ಬೇಡ.

ಹಂತ 1: ದಿನ ಗೊತ್ತುಮಾಡಿಕೊಳ್ಳಿ

ಹೆಸರಿನಲ್ಲಿ ಅಕ್ಟೋಬರ್ ಇದ್ದರೂ ಹಬ್ಬದ ಬಹುಪಾಲು ಸೆಪ್ಟೆಂಬರಿನಲ್ಲೇ ಮುಗಿಯುತ್ತದೆ. ಚಳಿ ಬೀಳುವ ಮೊದಲೇ ಇರಲಿ ಎಂದು ಹಿಂದೆಯೇ ಹಬ್ಬವನ್ನು ಸೆಪ್ಟೆಂಬರಿಗೆ ತಂದಿದ್ದಾರೆ. ಲೆಕ್ಕ ಸುಲಭ: ಸೆಪ್ಟೆಂಬರ್ 15ರ ನಂತರದ ಮೊದಲ ಶನಿವಾರ ಶುರು, ಅಕ್ಟೋಬರಿನ ಮೊದಲ ಭಾನುವಾರ ಮುಗಿತಾಯ. ಆ ಭಾನುವಾರ 1 ಅಥವಾ 2ನೇ ತಾರೀಖಾದರೆ ಅಕ್ಟೋಬರ್ 3ರ ಜರ್ಮನ್ ಏಕತಾ ದಿನದ ರಜೆಯವರೆಗೆ ಎಳೆಯುತ್ತಾರೆ. ಆ ಪ್ರಕಾರ 2026ರಲ್ಲಿ ಸೆಪ್ಟೆಂಬರ್ 19ರಿಂದ ಅಕ್ಟೋಬರ್ 4.

ಅಕ್ಟೋಬರ್ ಮಧ್ಯಕ್ಕೆ ಅಪ್ಪ-ಅಮ್ಮನ ವಿಮಾನದ ಟಿಕೆಟ್ ಮಾಡಿಸಿ, ಆಮೇಲೆ ಹಬ್ಬ ಮುಗಿದುಹೋಗಿದೆ ಎಂದು ತಿಳಿದು ಪೇಚಾಡಿದವರು ಪ್ರತಿ ವರ್ಷವೂ ಸಿಗುತ್ತಾರೆ. ಜೊತೆಗೆ ನಮ್ಮ ಪಂಚಾಂಗವನ್ನೂ ನೋಡಿಕೊಳ್ಳಿ. 2025ರಲ್ಲಿ ನವರಾತ್ರಿ ಪೂರ್ತಿ ಈ ಹಬ್ಬದೊಳಗೇ ಬಂದಿತ್ತು. 2026ರಲ್ಲಿ ಎರಡನೇ ವಾರಕ್ಕೆ ಪಿತೃಪಕ್ಷ ಶುರುವಾಗುತ್ತದೆ. ಮನೆಯ ಹಿರಿಯರು ವ್ರತ, ನೇಮ ಇಟ್ಟುಕೊಂಡಿದ್ದರೆ ಮೊದಲ ವಾರ ವಾಸಿ.

ಶನಿವಾರಗಳನ್ನು ಬಿಟ್ಟುಬಿಡಿ. ಅದರಲ್ಲೂ ನಡುವಿನ ವಾರಾಂತ್ಯಕ್ಕೆ ಇಲ್ಲಿನವರು 'ಇಟಾಲಿಯನ್ನರ ವಾರಾಂತ್ಯ' ಎನ್ನುತ್ತಾರೆ, ಗಡಿಯಾಚೆಯಿಂದ ಅಷ್ಟು ಜನ ಬರುತ್ತಾರೆ. 2025ರ ಸೆಪ್ಟೆಂಬರ್ 27ರ ಶನಿವಾರ ನೂಕುನುಗ್ಗಲು ಮಿತಿ ಮೀರಿ ಮೈದಾನದ ಬಾಗಿಲನ್ನೇ ಸ್ವಲ್ಪ ಹೊತ್ತು ಮುಚ್ಚಬೇಕಾಯಿತು. ಸೋಮವಾರದಿಂದ ಗುರುವಾರದವರೆಗೆ ಯಾವ ದಿನವಾದರೂ ಸರಿ. ಮಕ್ಕಳಿದ್ದರೆ ಮಂಗಳವಾರ, ಅಂದು ಕುಟುಂಬದ ದಿನ. ಮಧ್ಯಾಹ್ನದಿಂದ ಸಂಜೆವರೆಗೆ ತೊಟ್ಟಿಲು, ತಿರುಗಣೆ ಆಟಗಳಿಗೆ ರಿಯಾಯಿತಿ ಇರುತ್ತದೆ.

ಇದಕ್ಕೆ ಒಂದು ವಿನಾಯಿತಿ ಉಂಟು. ಮೊದಲ ಶನಿವಾರ ಬೆಳಗ್ಗೆ ಟೆಂಟ್ ಮಾಲೀಕರು ಅಲಂಕರಿಸಿದ ಕುದುರೆ ಗಾಡಿಗಳಲ್ಲಿ ಪೀಪಾಯಿ ಹೇರಿಕೊಂಡು ಮೆರವಣಿಗೆಯಲ್ಲಿ ಬರುತ್ತಾರೆ. ಮಧ್ಯಾಹ್ನ 12ಕ್ಕೆ ಶೊಟ್ಟೆನ್‌ಹಾಮೆಲ್ ಟೆಂಟಿನಲ್ಲಿ ಮೇಯರ್ ಮೊದಲ ಪೀಪಾಯಿಗೆ ನಲ್ಲಿ ಬಡಿದು "ಓ ತ್ಸಾಪ್ಫ್ಟ್ ಇಸ್" ಎನ್ನುತ್ತಾರೆ, ಅಂದರೆ ನಲ್ಲಿ ಬಿಚ್ಚಾಯಿತು. ಮೇಯರೇ ಬಡಿಯುವ ಪದ್ಧತಿ 1950ರಲ್ಲಿ ತೋಮಸ್ ವಿಮ್ಮರ್ ಅವರಿಂದ ಶುರುವಾದದ್ದು. ಮೇಯರ್ ನಲ್ಲಿ ಬಡಿಯುವ ಮೊದಲು ಯಾವ ಟೆಂಟಿನಲ್ಲೂ ಬಿಯರ್ ಕೊಡುವುದಿಲ್ಲ. ಮರುದಿನ ಭಾನುವಾರ ಬೆಳಗ್ಗೆ 10ಕ್ಕೆ ಊರೂರಿನ ಸಾಂಪ್ರದಾಯಿಕ ಉಡುಪಿನವರ ದೊಡ್ಡ ಮೆರವಣಿಗೆ, ಸುಮಾರು 7 ಕಿಲೋಮೀಟರ್. ಕುಡಿಯದ, ಗದ್ದಲ ಒಗ್ಗದ ಹಿರಿಯರಿಗೆ ನಾನು ಮೊದಲು ಹೇಳುವುದೇ ಈ ಭಾನುವಾರದ ಮೆರವಣಿಗೆ. ರಸ್ತೆ ಬದಿ ನಿಂತು ನೋಡಲು ದುಡ್ಡು ಕೊಡಬೇಕಿಲ್ಲ. ಜಂಬೂಸವಾರಿಗೆ ಕಾದು ನಿಂತವರಿಗೆ ಆ ಕಾಯುವ ಖುಷಿ ಹೊಸದೇನಲ್ಲ.

ಹಂತ 2: ಟೇಬಲ್ ಕಾಯ್ದಿರಿಸಬೇಕೇ?

ನಾಲ್ಕೈದು ಜನ, ವಾರದ ದಿನ, ಮಧ್ಯಾಹ್ನ. ಇಷ್ಟಾದರೆ ಬೇಕಾಗಿಲ್ಲ. ಪ್ರತಿ ಟೆಂಟಿನಲ್ಲೂ ಒಂದು ಭಾಗವನ್ನು ಬುಕಿಂಗ್ ಇಲ್ಲದವರಿಗೆಂದೇ ಬಿಟ್ಟಿರುತ್ತಾರೆ.

ಸಂಜೆ ಅಥವಾ ವಾರಾಂತ್ಯಕ್ಕೆ 8–10 ಜನರ ಗುಂಪು ಹೋಗುವುದಾದರೆ ವಸಂತಕಾಲದಲ್ಲೇ ಆಯಾ ಟೆಂಟಿನ ಸ್ವಂತ ಜಾಲತಾಣದಲ್ಲಿ ಅರ್ಜಿ ಹಾಕಿ. ಬಿಡಿ ಸೀಟು ಕೊಡುವುದಿಲ್ಲ, ಇಡೀ ಟೇಬಲ್ಲೇ ತೆಗೆದುಕೊಳ್ಳಬೇಕು, ಅಂದರೆ ಸಾಮಾನ್ಯವಾಗಿ 10 ಜನ. ಸೀಟಿಗೆಂದು ಬೇರೆ ಶುಲ್ಕವಿಲ್ಲ, ಆದರೆ ತಲೆಗೆ 2 ಲೀಟರ್ ಬಿಯರ್, ಅರ್ಧ ಕೋಳಿ ಎಂಬ ಲೆಕ್ಕದಲ್ಲಿ ಕೂಪನ್ ಮುಂಗಡ ಕೊಳ್ಳಬೇಕು. 10 ಜನಕ್ಕೆ ಅದು 400 ಯೂರೋ ದಾಟುತ್ತದೆ. ಸಸ್ಯಾಹಾರಿಗಳೂ ಕುಡಿಯದವರೂ ಇರುವ ಗುಂಪಾದರೆ, ಕೂಪನ್ನಿನ ಬೆಲೆಗೆ ಬೇರೆ ತಿಂಡಿ, ಪಾನೀಯ ಕೊಡುತ್ತಾರೆಯೇ ಎಂದು ದುಡ್ಡು ಕಟ್ಟುವ ಮೊದಲೇ ಮೇಲ್ ಮಾಡಿ ಕೇಳಿ. ಹಲವು ಟೆಂಟ್‌ಗಳು ಒಪ್ಪುತ್ತವೆ.

ಎಚ್ಚರ: ಇಂಟರ್‌ನೆಟ್ಟಿನಲ್ಲಿ "ಆಕ್ಟೋಬರ್‌ಫೆಸ್ಟ್ ಟಿಕೆಟ್" ಎಂದು ನೂರಾರು ಯೂರೋಗೆ ಮಾರುವವರಿದ್ದಾರೆ. ಅವರು ಮಾರುತ್ತಿರುವುದು ಬೇರೆಯವರ ಹೆಸರಿನ ಟೇಬಲ್. ಇಂಥ ಮರುಮಾರಾಟವನ್ನು ಟೆಂಟಿನವರು ಒಪ್ಪುವುದಿಲ್ಲ, ಬಾಗಿಲಲ್ಲೇ ವಾಪಸು ಕಳಿಸಬಹುದು. ಊರಿನಿಂದ ನೆಂಟರು ಬರುತ್ತಾರೆಂಬ ಹುಮ್ಮಸ್ಸಿನಲ್ಲಿ ಈ ಬಲೆಗೆ ಬೀಳಬೇಡಿ.

ಹಂತ 3: ದುಡ್ಡು

ನಗದು ತನ್ನಿ. ಕಾರ್ಡ್ ತೆಗೆದುಕೊಳ್ಳುವ ಕಡೆ ಹೆಚ್ಚುತ್ತಿವೆ, ಆದರೂ ಮೇಜಿನ ಬಳಿ ನೋಟೇ ನಂಬಿಕಸ್ತ. ಒಂದು ಲೀಟರ್ ಬಿಯರಿನ ಬೆಲೆ 2025ರಲ್ಲಿ ಟೆಂಟಿಗೆ ತಕ್ಕಂತೆ 14.50ರಿಂದ 15.80 ಯೂರೋವರೆಗೆ ಇತ್ತು. ನೀರೂ ಸೋವಿಯಲ್ಲ, ಲೀಟರಿಗೆ ಸುಮಾರು 10 ಯೂರೋ ಹಿಡಿಯಿರಿ. ಒಬ್ಬರಿಗೆ ಊಟ, ಒಂದು ಪಾನೀಯ, ಏನಾದರೊಂದು ಸಿಹಿ ಅಂತ ಲೆಕ್ಕ ಹಾಕಿದರೆ 45–50 ಯೂರೋ ಆಗಿಯೇ ಆಗುತ್ತದೆ. ಮಕ್ಕಳ ಆಟಗಳ ಖರ್ಚು ಬೇರೆ. ಅಪ್ಪ-ಅಮ್ಮ ಯೂರೋವನ್ನು ರೂಪಾಯಿಗೆ ಗುಣಿಸಿ "ನನಗೇನೂ ಬೇಡ" ಎನ್ನುತ್ತಾರೆ, ಅದಕ್ಕೆ ಬೆಲೆಪಟ್ಟಿ ಅವರ ಕೈಗೆ ಹೋಗುವ ಮೊದಲೇ ಆರ್ಡರ್ ಮಾಡಿಬಿಡಿ.

ಬಡಿಸುವವರಿಗೆ ಸುಮಾರು ಶೇ. 10 ಟಿಪ್ಸ್ ಕೊಡುವುದು ವಾಡಿಕೆ. ಬಿಯರಿನ ಹಣವನ್ನು ಅವರು ತಾವೇ ಮೊದಲು ಕೌಂಟರಿನಲ್ಲಿ ತುಂಬಿ ನಿಮ್ಮ ಬಳಿ ತರುತ್ತಾರೆ. ಆದ್ದರಿಂದ ಮಗ್ ಮೇಜಿಗೆ ಬಂದ ಕೂಡಲೇ ಹಣ ಕೊಡಬೇಕು, ಕೊನೆಗೆ ಬಿಲ್ ಕೇಳೋಣ ಎಂದು ಕೂರುವಂತಿಲ್ಲ. ಟಿಪ್ಸ್ ಸೇರಿಸಿ ಕೊಟ್ಟು ಚಿಲ್ಲರೆ ಬೇಡವಾದರೆ "ಷ್ಟಿಮ್ಟ್ ಜೋ" ಎನ್ನಿ, ಸರಿ ಇಟ್ಟುಕೊಳ್ಳಿ ಎಂದರ್ಥ.

ಹಂತ 4: ಉಡುಪು ಮತ್ತು ಚೀಲ

ಹೆಂಗಸರ ಡಿರ್ನ್‌ಡ್ಲ್, ಗಂಡಸರ ಚರ್ಮದ ಚಡ್ಡಿ ಲೇಡರ್‌ಹೋಸೆ, ಎರಡೂ ಸೇರಿ 'ಟ್ರಾಖ್ಟ್', ಅಂದರೆ ನಾಡಿನ ಉಡುಗೆ. ಹಾಕಲೇಬೇಕೆಂಬ ನಿಯಮವಿಲ್ಲ. ಹಾಕುವುದಾದರೆ ಬಾಡಿಗೆಗಾದರೂ ಒಳ್ಳೆಯದನ್ನೇ ಹಾಕಿ. ರೈಲು ನಿಲ್ದಾಣದ ಬಳಿ ಸಿಗುವ ನಾಟಕದ ವೇಷದಂಥವು ಅವರ ಉಡುಗೆಗೆ ಗೌರವ ತರುವುದಿಲ್ಲ. ಡಿರ್ನ್‌ಡ್ಲ್‌ನ ಏಪ್ರನ್ ಗಂಟಿಗೂ ಅರ್ಥವುಂಟು: ನಿಮ್ಮ ಬಲಕ್ಕೆ ಕಟ್ಟಿದರೆ ಮದುವೆಯಾದವರು, ಎಡಕ್ಕೆ ಕಟ್ಟಿದರೆ ಒಂಟಿ. ಅಮ್ಮ ಸೀರೆಯಲ್ಲೇ ಬರುತ್ತೇನೆಂದರೆ ಸಂತೋಷವಾಗಿ ಬರಲಿ, ಆದರೆ ಒಳಗೊಂದು ಬೆಚ್ಚನೆಯ ಪದರ, ಕಾಲಿಗೆ ಮುಚ್ಚಿದ ಶೂ ಇರಲಿ. ನೆಲದಲ್ಲಿ ಚೆಲ್ಲಿದ ಬಿಯರ್, ಒಮ್ಮೊಮ್ಮೆ ಒಡೆದ ಗಾಜೂ ಇರುತ್ತದೆ.

ಹೆಚ್ಚಿನವರು ಎಡವುವುದು ಚೀಲದಲ್ಲಿ. ಬೆನ್ನಿಗೆ ಹಾಕುವ ಬ್ಯಾಗ್ ಒಳಗೆ ಬಿಡುವುದೇ ಇಲ್ಲ. 3 ಲೀಟರ್ ಹಿಡಿಯುವಷ್ಟು ಚಿಕ್ಕ ಚೀಲ ಮಾತ್ರ, ಅಳತೆ 20×15×10 ಸೆಂಟಿಮೀಟರ್. ಗಾಜಿನ ಬಾಟಲಿ, ಚಾಕು, ಪೆಪ್ಪರ್ ಸ್ಪ್ರೇ ನಿಷಿದ್ಧ. ಅಕಸ್ಮಾತ್ ತಂದಿದ್ದರೆ ಬಾಗಿಲ ಹತ್ತಿರ ದುಡ್ಡು ಕೊಟ್ಟು ಇಡುವ ಜಾಗವಿದೆ, ಸಾಲು ಉದ್ದ. ಅಮ್ಮನ ದೊಡ್ಡ ವ್ಯಾನಿಟಿ ಬ್ಯಾಗ್ ಹೊಟೆಲ್ಲಿನಲ್ಲೋ ಮನೆಯಲ್ಲೋ ಇರಲಿ. ಮಾತ್ರೆ, ಕನ್ನಡಕ, ಗುರುತಿನ ಚೀಟಿ, ಒಂದಷ್ಟು ನೋಟು, ಇಷ್ಟಕ್ಕೆ ಸಣ್ಣ ಪರ್ಸ್ ಸಾಕು.

ಹಂತ 5: ತಲುಪುವುದು

ಕಾರು ತರಬೇಡಿ. ಮೆಟ್ರೋದ ಯು4, ಯು5 ಮಾರ್ಗದಲ್ಲಿ ಮೈದಾನದ ಹೆಸರಿನದೇ ನಿಲ್ದಾಣವಿದೆ, ಎಲ್ಲರೂ ಅಲ್ಲೇ ಇಳಿಯುವುದರಿಂದ ಅಲ್ಲೇ ಉಸಿರುಗಟ್ಟುವ ಜನ. ಹಿರಿಯರಿದ್ದರೆ ಯು3, ಯು6ರಲ್ಲಿ ಗೋಯ್ತೆಪ್ಲಾಟ್ಸ್ ಅಥವಾ ಪೊಚ್ಚಿಷ್ಟ್ರಾಸೆಯಲ್ಲಿ ಇಳಿದು ನಿಧಾನ ನಡೆಯಿರಿ. ಮುಖ್ಯ ರೈಲು ನಿಲ್ದಾಣದಿಂದ ನಡೆದರೂ 15–20 ನಿಮಿಷ.

ಬೇರೆ ಊರಿನಿಂದ ಬರುವವರು ಆ ದಿನಗಳ ಮ್ಯೂನಿಕ್ ಹೊಟೆಲ್ ದರ ನೋಡಿ ಎದೆಗುಂದಬೇಡಿ. ಔಗ್ಸ್‌ಬುರ್ಗ್ ಅಥವಾ ಲ್ಯಾಂಡ್ಸ್‌ಹುಟ್‌ನಲ್ಲಿ ಉಳಿದುಕೊಂಡು ರೈಲಿನಲ್ಲಿ ಬಂದು ಹೋಗಬಹುದು. ಬಾಯರ್ನ್ ಟಿಕೆಟ್ ಎಂಬ ದಿನದ ಟಿಕೆಟ್ಟಿನಲ್ಲಿ 5 ಜನರವರೆಗೆ ಪ್ರಾದೇಶಿಕ ರೈಲು, ಮೆಟ್ರೋ ಎಲ್ಲದರಲ್ಲೂ ಓಡಾಡಬಹುದು. ವಾರದ ದಿನಗಳಲ್ಲಿ ಬೆಳಗ್ಗೆ 9ರಿಂದ ಮರುದಿನ ಬೆಳಗಿನ ಜಾವ 3ರವರೆಗೆ ಅದು ನಡೆಯುತ್ತದೆ. ವೇಗದ ಐಸಿಇ ರೈಲಿನಲ್ಲಿ ನಡೆಯುವುದಿಲ್ಲ, ಮರೆತು ಹತ್ತಬೇಡಿ.

ಗೇಟಿನೊಳಗೆ ಕಾಲಿಟ್ಟ ಕೂಡಲೇ ಒಂದು ಜಾಗ ಗೊತ್ತುಮಾಡಿಕೊಳ್ಳಿ: ತಪ್ಪಿಸಿಕೊಂಡರೆ ಎಲ್ಲರೂ ಇಲ್ಲಿಗೆ ಬನ್ನಿ ಅಂತ. ಜನ ಹೆಚ್ಚಾದಾಗ ಮೊಬೈಲ್ ಸಿಗ್ನಲ್ ಕೈಕೊಡುತ್ತದೆ. ಮೈದಾನದ ಪಶ್ಚಿಮ ಅಂಚಿನಲ್ಲಿ ದಿಬ್ಬದ ಮೇಲೆ 1850ರಲ್ಲಿ ನಿಲ್ಲಿಸಿದ ಬವೇರಿಯಾ ಪ್ರತಿಮೆ ಇದೆ, 18 ಮೀಟರಿಗೂ ಎತ್ತರದ ಕಂಚಿನ ಹೆಣ್ಣು, ಪಕ್ಕದಲ್ಲಿ ಸಿಂಹ. ಅದರ ಪಾದದ ಬಳಿ ಎಂದು ಹೇಳಿಟ್ಟರೆ ಕನ್ನಡ ಬಿಟ್ಟು ಬೇರೆ ಭಾಷೆ ಬಾರದ ಅಜ್ಜಿಗೂ ಹುಡುಕುವುದು ಕಷ್ಟವಾಗದು.

ಹಂತ 6: ಮೊದಲು ಸೀಟು

ಟೆಂಟಿನೊಳಗೆ ಕೂತವರಿಗೆ ಮಾತ್ರ ಬಡಿಸುತ್ತಾರೆ. ನಿಂತುಕೊಂಡು ಎಷ್ಟು ಕೈಬೀಸಿದರೂ ಏನೂ ಬರುವುದಿಲ್ಲ. ಆದ್ದರಿಂದ ಮೈದಾನ ಸುತ್ತುವುದು, ಫೋಟೋ, ತೊಟ್ಟಿಲು ಎಲ್ಲ ಆಮೇಲೆ. 11 ಅಥವಾ 12 ಗಂಟೆಗೆ ಒಳಗೆ ಬಂದು ಕೂತುಬಿಡಿ.

ದೊಡ್ಡ ಟೆಂಟ್‌ಗಳು 14, ಸಣ್ಣವು ಇನ್ನಷ್ಟು. ಟೆಂಟ್ ಅಂದಮಾತ್ರಕ್ಕೆ ಮದುವೆಯ ಶಾಮಿಯಾನ ನೆನೆಯಬೇಡಿ. ಮರದ ತೊಲೆಗಳ ಮೇಲೆ ಕಟ್ಟಿದ ಭಾರಿ ಸಭಾಂಗಣಗಳವು, ಸಾವಿರಾರು ಜನ ಒಟ್ಟಿಗೆ ಕೂರುತ್ತಾರೆ. ಮೊದಲ ಸಲ ಹೋಗುವ ಕುಟುಂಬಕ್ಕೆ ನಾನು ಹೇಳುವುದು ಔಗುಸ್ಟಿನರ್. ಬಿಯರನ್ನು ಈಗಲೂ ಮರದ ದೊಡ್ಡ ಪೀಪಾಯಿಗಳಿಂದ ಬಗ್ಗಿಸುತ್ತಾರೆ, ಜನ ಸಮಾಧಾನಿಗಳು. ಶೊಟ್ಟೆನ್‌ಹಾಮೆಲ್‌ನಲ್ಲಿ ಹರೆಯದವರೇ ಹೆಚ್ಚು. ಹೋಫ್‌ಬ್ರೌ ಟೆಂಟಿನಲ್ಲಿ ಹೊರದೇಶದ ಪ್ರವಾಸಿಗಳು, ಅಬ್ಬರ ಜಾಸ್ತಿ. ಓಕ್ಸೆನ್‌ಬ್ರಾಟೆರೈ ಎಂಬ ಟೆಂಟಿನಲ್ಲಿ 1881ರಿಂದ ಇಡೀ ಎತ್ತನ್ನು ಕಂಬಿಗೆ ಪೋಣಿಸಿ ಸುಡುವ ಪದ್ಧತಿಯಿದೆ, ಅದು ಅವರ ಹೆಮ್ಮೆ. ನಿಮ್ಮ ಮನೆಯ ಹಿರಿಯರಿಗೆ ನೋಡಲು ಕಷ್ಟವಾಗುವುದಾದರೆ ಆ ಬಾಗಿಲಿಗೆ ಕರೆದೊಯ್ಯಬೇಡಿ.

ಖಾಲಿ ಕಂಡ ಮೇಜಿನ ಮೇಲೆ ಚೀಟಿ ಇದೆಯೇ ನೋಡಿ. "ರೆಸರ್ವೀರ್ಟ್ ಅಬ್ 16 ಊರ್" ಎಂದಿದ್ದರೆ ಸಂಜೆ 4ರಿಂದ ಅದು ಬೇರೆಯವರದು, ಅಲ್ಲಿಯವರೆಗೆ ನೀವು ಕೂರಬಹುದು. ಬಹಳ ಮಂದಿ ಚೀಟಿ ನೋಡಿಯೇ ಹೆದರಿ ಮುಂದೆ ಹೋಗುತ್ತಾರೆ. ಅರ್ಧ ತುಂಬಿದ ಮೇಜಾದರೆ "ಇಸ್ಟ್ ಹೀರ್ ನೊಖ್ ಫ್ರೈ?" ಎಂದು ಕೇಳಿ, ಇಲ್ಲಿ ಜಾಗ ಇದೆಯೇ ಎಂದರ್ಥ. ಅಪರಿಚಿತರ ಪಕ್ಕ ಕೂರುವುದು ಇಲ್ಲಿ ಸಂಕೋಚದ ವಿಷಯವಲ್ಲ. ಬಸ್ಸಿನಲ್ಲಿ ಹೇಳುತ್ತೇವಲ್ಲ, ಸ್ವಲ್ಪ ಸರಿದು ಕೂತ್ಕೊಳ್ಳಿ ಅಂತ, ಅಷ್ಟೇ ಸಲೀಸು. ಬೆಂಚಿಗೆ ಬೆನ್ನಾಸರೆ ಇರುವುದಿಲ್ಲ. ಸೊಂಟನೋವಿನ ಹಿರಿಯರನ್ನು ಗೋಡೆ ಬದಿಯ ಬೆಂಚಿನಲ್ಲಿ ಕೂರಿಸಿ. ಹವೆ ಚೆನ್ನಾಗಿದ್ದರೆ ಟೆಂಟಿನ ಹೊರ ಅಂಗಳ ಇನ್ನೂ ಹಿತ, ವಾದ್ಯದ ಸದ್ದೂ ಕಡಿಮೆ.

ಸದ್ದಿನ ಮಾತು ಬಂದಿದ್ದಕ್ಕೆ: 2005ರಿಂದ ಸಂಜೆ 6ರವರೆಗೆ ಸಾಂಪ್ರದಾಯಿಕ ಹಿತ್ತಾಳೆ ವಾದ್ಯದ ಸಂಗೀತ ಮಾತ್ರ, ಅದೂ 85 ಡೆಸಿಬೆಲ್ ಮೀರದಂತೆ. 6 ಆದಮೇಲೆ ಪಾಪ್ ಹಾಡು, ಬೆಂಚಿನ ಮೇಲೆ ಕುಣಿತ. ಬೆಂಚಿನ ಮೇಲೆ ನಿಲ್ಲಬಹುದು, ಮೇಜು ಹತ್ತಿದರೆ ಹೊರಗೆ ಕಳಿಸುತ್ತಾರೆ.

ಹಂತ 7: ಊಟ

ನನಗೆ ಬರುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಇದರ ಬಗ್ಗೆಯೇ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಮಾಂಸ ತಿನ್ನುವವರು ಮೊದಲು ಈ ನಾಲ್ಕು ಪದ ಕಲಿಯಿರಿ: ರಿಂಡ್ ಎಂದರೆ ದನ, ಕಾಲ್ಬ್ ಎಂದರೆ ಕರು, ಷ್ವೈನ್ ಎಂದರೆ ಹಂದಿ, ಹೆಂಡ್ಲ್ ಎಂದರೆ ಕೋಳಿ. ಹೆಂಡ್ಲ್ ಎಂದು ಕೇಳಿ ಹೆಂಡ ಎಂದುಕೊಂಡು ಬೇಡವೆಂದವರಿದ್ದಾರೆ. ಅದು ಹಬ್ಬದ ಮುಖ್ಯ ತಿನಿಸು, ಕಂಬಿಯಲ್ಲಿ ತಿರುಗಿಸಿ ಸುಟ್ಟ ಅರ್ಧ ಕೋಳಿ. ಹೊರಚರ್ಮ ಗರಿಗರಿ, ಒಳಗೆ ಪಾರ್ಸ್ಲಿ ಸೊಪ್ಪಿನ ಪರಿಮಳ, ಖಾರ ಸೊನ್ನೆ. ಬಿಳಿ ಸಾಸೇಜ್ 'ವೈಸ್‌ವುರ್ಸ್ಟ್' ಕರುವಿನ ಮಾಂಸದ್ದು, ಹಂದಿ ಕೊಬ್ಬೂ ಇರುತ್ತದೆ. ಷ್ಟೆಕರ್ಲ್‌ಫಿಷ್ ಎಂದರೆ ಕಡ್ಡಿಗೆ ಚುಚ್ಚಿ ಕೆಂಡದ ಮುಂದೆ ಸುಟ್ಟ ಇಡೀ ಮೀನು. ಕರಾವಳಿಯವರಿಗೆ ನಾನು ಕಣ್ಣುಮುಚ್ಚಿ ಹೇಳುವುದು ಇದನ್ನೇ.

ಸಸ್ಯಾಹಾರಿಗಳ ಪಟ್ಟಿ ಚಿಕ್ಕದು, ಆದರೆ ರುಚಿಯಾದದ್ದು. ಕೇಜೆಷ್ಪೆಟ್ಸ್ಲೆ: ಮೊಟ್ಟೆ ಹಾಕಿದ ಹಿಟ್ಟಿನ ಸಣ್ಣ ತುಣುಕುಗಳಿಗೆ ಚೀಸ್ ಕರಗಿಸಿ, ಮೇಲೆ ಹುರಿದ ಈರುಳ್ಳಿ. ಹೊಟ್ಟೆ ತುಂಬುವ ಊಟ. ರೈಬರ್‌ಡಾಚಿ: ತುರಿದ ಆಲೂಗಡ್ಡೆಯನ್ನು ತಟ್ಟಿ ಎಣ್ಣೆಯಲ್ಲಿ ಬೇಯಿಸಿ ಸೇಬಿನ ಗೊಜ್ಜಿನ ಜೊತೆ ಕೊಡುತ್ತಾರೆ, ಮಕ್ಕಳಿಗೆ ಇಷ್ಟ. ಬ್ರೆಡ್ಡಿನ ಉಂಡೆ ಕ್ನೋಡೆಲ್ ಜೊತೆ ಅಣಬೆಯ ಕೆನೆಸಾರು. ಓಬಟ್ಸ್ಡ: ಮೆತ್ತನೆಯ ಚೀಸ್, ಬೆಣ್ಣೆ, ಈರುಳ್ಳಿ, ಕೆಂಪು ಮೆಣಸಿನ ಪುಡಿ ಹಿಸುಕಿ ಕಲಸಿದ್ದು, ಗಂಟಿನ ಆಕಾರದ ದೊಡ್ಡ ಬ್ರೆಡ್ಡು ಬ್ರೆಟ್ಸೆಲ್ ಮುರಿದು ಅದ್ದಿಕೊಂಡು ತಿನ್ನಬೇಕು.

ಇನ್ನು ರಾಡಿ. ಬಿಳಿ ಮೂಲಂಗಿಯನ್ನು ಸುರುಳಿ ಸುರುಳಿಯಾಗಿ, ತುಂಡಾಗದಂತೆ ಕೊಯ್ದು ಉಪ್ಪು ಉದುರಿಸಿ ಇಡುತ್ತಾರೆ. ಐದು ನಿಮಿಷ ಕಾಯಿರಿ, ಮೂಲಂಗಿ ನೀರು ಬಿಟ್ಟುಕೊಂಡು ಘಾಟು ಇಳಿಯುತ್ತದೆ. ಮನೆಯಲ್ಲಿ ಕೋಸಂಬರಿಗೆ ಉಪ್ಪು ಹಾಕಿ ಇಟ್ಟಾಗ ಆಗುವುದೂ ಇದೇ. ಊರಿನಿಂದ ಬಂದ ಹಿರಿಯರು ಗುರುತು ಹಿಡಿದು ನಕ್ಕು ತಿನ್ನುವ ತಟ್ಟೆ ಇದು.

ಈಗ ಎಡವುವ ಜಾಗಗಳು. ಇವನ್ನು ಬರೆದಿಟ್ಟುಕೊಳ್ಳಿ.

ಬವೇರಿಯಾದ ಆಲೂಗಡ್ಡೆ ಸಲಾಡಿಗೆ ಮೊಸರು, ಮೇಯನೇಸ್ ಹಾಕುವುದಿಲ್ಲ, ಬಿಸಿ ಮಾಂಸದ ಸಾರು ಹುಯ್ಯುತ್ತಾರೆ. ಕಣ್ಣಿಗೆ ಮಾಂಸ ಕಾಣುವುದಿಲ್ಲ. ನನ್ನ ಅಮ್ಮ ಮೊದಲ ಸಲ ಬಂದಾಗ ನಾನು ವಿಚಾರಿಸದೆ ಅದನ್ನೇ ತಂದುಕೊಟ್ಟಿದ್ದೆ. ಅರ್ಧ ತಿಂದಮೇಲೆ ಪಕ್ಕದ ಮೇಜಿನವರು ಹೇಳಿ ತಿಳಿಯಿತು, ಅಮ್ಮ ಆ ದಿನ ಮತ್ತೇನೂ ಮುಟ್ಟಲಿಲ್ಲ. ಈ ಒಂದು ವಿಷಯಕ್ಕೇ ನಾನು ಎಲ್ಲರಿಗೂ ಕೇಳಿ ತಿನ್ನಿ ಎಂದು ಮತ್ತೆ ಮತ್ತೆ ಹೇಳುವುದು.

ಹುಳಿ ಕೋಸು ಸೌರ್‌ಕ್ರೌಟ್‌ನಲ್ಲಿ 'ಷ್ಪೆಕ್', ಅಂದರೆ ಉಪ್ಪು ಹಾಕಿದ ಹಂದಿ ಕೊಬ್ಬಿನ ಚೂರು ಇರಬಹುದು. ಕೆಂಪು ಕೋಸನ್ನು ಕೊಬ್ಬಿನಲ್ಲಿ ಬೇಯಿಸುವುದುಂಟು. ಕ್ನೋಡೆಲ್‌ನಲ್ಲೂ ಷ್ಪೆಕ್ ಹಾಕಿದ ಬಗೆಯಿದೆ. ಬ್ರೆಡ್ಡಿನ ಜೊತೆ ಬೆಣ್ಣೆಯಂತೆ ಬೆಳ್ಳಗೆ ಬರುವ 'ಷ್ಮಾಲ್ಟ್ಸ್' ಹಂದಿಯ ಕೊಬ್ಬು, ಬೆಣ್ಣೆಯೆಂದು ಸವರಿಕೊಳ್ಳಬೇಡಿ. ಬ್ರೆಟ್ಸೆಲ್ ಹಿಟ್ಟಿಗೂ ಕೆಲವು ಕಡೆ ಷ್ಮಾಲ್ಟ್ಸ್ ಸೇರಿಸುತ್ತಾರೆ. ಕೇಳಬೇಕಾದ ವಾಕ್ಯ: "ಇಸ್ಟ್ ದಾ ಫ್ಲೈಷ್, ಷ್ಪೆಕ್ ಓಡರ್ ಫ್ಲೈಷ್‌ಬ್ರೂಯೆ ದ್ರಿನ್?" ಇದರಲ್ಲಿ ಮಾಂಸ, ಹಂದಿ ಕೊಬ್ಬು ಅಥವಾ ಮಾಂಸದ ಸಾರು ಇದೆಯೇ ಎಂದು. ಮೆನುವಿನಲ್ಲಿ 'ವೆಗೆಟಾರಿಷ್' ಅಥವಾ 'ವೆಗಾನ್' ಎಂದು ಬರೆದಿದ್ದರೆ ನೆಮ್ಮದಿ. ಜರ್ಮನರ ವೆಗೆಟಾರಿಷ್‌ನಲ್ಲಿ ಮೊಟ್ಟೆ ಸೇರುತ್ತದೆ, ಮೊಟ್ಟೆಯೂ ಬೇಡವಾದವರು ವೆಗಾನ್ ಎಂದೇ ಕೇಳಿ.

ಮದ್ಯ ಮುಟ್ಟದವರು ಇನ್ನೆರಡು ಕಡೆ ಹುಷಾರಾಗಿರಿ. ಓಬಟ್ಸ್ಡಕ್ಕೆ ಒಂದಿಷ್ಟು ಬಿಯರ್ ಕಲಸುವ ರೂಢಿಯಿದೆ. ಹರಿದ ಸಿಹಿ ದೋಸೆಯಂಥ ಕೈಜರ್‌ಷ್ಮಾರ್ನ್‌ನ ಒಣದ್ರಾಕ್ಷಿಯನ್ನು ಕೆಲವರು ರಮ್‌ನಲ್ಲಿ ನೆನೆಸುತ್ತಾರೆ.

ಯಾವ ಅನುಮಾನವೂ ಬೇಡದ ಸಿಹಿ ಬೇಕೆಂದರೆ ಹೊರಗಿನ ಅಂಗಡಿಯ ಹುರಿದ ಬಾದಾಮಿ. ಬಾಣಲೆಯಲ್ಲಿ ಸಕ್ಕರೆ, ದಾಲ್ಚಿನ್ನಿ ಪಾಕವಾಗಿ, ಬಾದಾಮಿಗೆ ಹರಳುಹರಳಾಗಿ ಅಂಟುವ ತನಕ ತಿರುವುತ್ತಲೇ ಇರುತ್ತಾರೆ. ಬಿಸಿ ಬಿಸಿ ಕಾಗದದ ಪೊಟ್ಟಣ ಕೈಗೆ ಬಂದಾಗ ಚಳಿಯಲ್ಲಿ ಅದೇ ಒಂದು ಸುಖ.

ಹಂತ 8: ಮಾಸ್, ಮತ್ತು ಕುಡಿಯದವರ ಪಾನೀಯ

'ಮಾಸ್' ಎಂದರೆ ಒಂದು ಲೀಟರ್ ಹಿಡಿಯುವ ದಪ್ಪ ಗಾಜಿನ ಮಗ್. ಟೆಂಟಿನಲ್ಲಿ ಬಿಯರ್ ಬರುವುದು ಸಾಮಾನ್ಯವಾಗಿ ಈ ಅಳತೆಯಲ್ಲೇ. ಬಿಯರ್ ತರಲು ಅಪ್ಪಣೆಯಿರುವುದು ಮ್ಯೂನಿಕ್‌ನ 6 ಬ್ರೂವರಿಗಳಿಗೆ ಮಾತ್ರ: ಔಗುಸ್ಟಿನರ್, ಹಾಕರ್-ಪ್ಷೋರ್, ಹೋಫ್‌ಬ್ರೌ, ಲೋವೆನ್‌ಬ್ರೌ, ಪೌಲಾನರ್, ಷ್ಪಾಟೆನ್.

ಹಬ್ಬಕ್ಕೆಂದೇ ಮಾಡುವ ಈ ಬಿಯರಿನಲ್ಲಿ ಆಲ್ಕೋಹಾಲ್ ಸುಮಾರು ಶೇ. 6. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಊರಿನ ಶೇ. 5ರ 650 ಮಿಲಿ ಬಾಟಲಿ ಹತ್ತಿರ ಹತ್ತಿರ ಎರಡು. ವಿಸ್ಕಿಯಾದರೆ 30 ಮಿಲಿಯ ನಾಲ್ಕೂವರೆ ಪೆಗ್‌ಗೂ ಮೇಲೆ. ಬಾಯಿಗೆ ಹಗುರ, ಸ್ವಲ್ಪ ಸಿಹಿ, ಕುಡಿದದ್ದೇ ತಿಳಿಯುವುದಿಲ್ಲ. ಮೊದಲ ಸಲದವರು ಹಸಿದ ಹೊಟ್ಟೆಯಲ್ಲಿ ಶುರು ಮಾಡಿ ಎರಡನೆಯದಕ್ಕೆ ಕೈಚೆಲ್ಲುವುದು ಇದಕ್ಕೇ. ಊಟ ಬಂದಮೇಲೆ ಶುರುಮಾಡಿ, ಇಬ್ಬರು ಸೇರಿ ಒಂದು ಮಾಸ್ ತೆಗೆದುಕೊಳ್ಳಿ, ನಡುವೆ ನೀರು ಕುಡಿಯಿರಿ. ತುಂಬಿದ ಮಗ್ ಎರಡು ಕಿಲೋ ಮೀರುತ್ತದೆ, ಬೆರಳಲ್ಲಿ ಹಿಡಿದರೆ ಮಣಿಕಟ್ಟು ನೋಯುತ್ತದೆ. ಹಿಡಿಯೊಳಗೆ ಕೈ ತೂರಿಸಿ ಅಂಗೈಯನ್ನು ಗಾಜಿಗೆ ಒತ್ತಿ ಎತ್ತಿ.

ಕಾಲು ಗಂಟೆಗೊಮ್ಮೆ ವಾದ್ಯದವರು ಒಂದು ಪುಟ್ಟ ಧಾಟಿ ನುಡಿಸುತ್ತಾರೆ, ಇಡೀ ಟೆಂಟ್ ಎದ್ದು ನಿಂತು ಮಗ್ ಎತ್ತುತ್ತದೆ. "ಪ್ರೋಸ್ತ್" ಎನ್ನುವಾಗ ಎದುರಿನವರ ಕಣ್ಣು ನೋಡಿ, ಮಗ್‌ನ ಅಂಚು ತಾಗಿಸದೆ ಕೆಳಗಿನ ದಪ್ಪ ಭಾಗವನ್ನು ತಾಗಿಸಿ. ಕೈಯಲ್ಲಿ ಏನಿದೆ ಎಂದು ಯಾರೂ ನೋಡುವುದಿಲ್ಲ. ಸೇಬಿನ ರಸಕ್ಕೆ ಸೋಡಾ ಬೆರೆಸಿದ 'ಆಪ್ಫೆಲ್‌ಷೋರ್ಲೆ', ಕೋಲಾ ಮತ್ತು ಕಿತ್ತಳೆಯ 'ಷ್ಪೆಟ್ಸಿ', 'ಆಲ್ಕೋಹೋಲ್‌ಫ್ರೈ' ಬಿಯರ್ ಎಲ್ಲವೂ ಸಿಗುತ್ತವೆ. 'ರಾಡ್ಲರ್' ಎಂದರೆ ನಿಂಬೆ ಸೋಡಾ ಬೆರೆಸಿದ ಬಿಯರ್, ಅದರಲ್ಲಿ ಮದ್ಯ ಇರುತ್ತದೆ, ಜ್ಯೂಸ್ ಎಂದು ತಿಳಿದು ಮಕ್ಕಳಿಗೆ ಕೊಡಬೇಡಿ.

ಮಗ್ ನೆನಪಿಗೆಂದು ಚೀಲಕ್ಕೆ ಸೇರಿಸಬೇಡಿ. ಬಾಗಿಲಲ್ಲಿ ತಪಾಸಣೆ ಇದೆ, ಅದು ಕಳ್ಳತನದ ಪ್ರಕರಣವಾಗುತ್ತದೆ, ವೀಸಾದ ಮೇಲೆ ಇರುವವರಿಗೆ ಬೇಡದ ತಲೆನೋವು. ಬೇಕಾದರೆ ಅಂಗಡಿಯಲ್ಲಿ ಕೊಂಡು ರಸೀದಿ ಇಟ್ಟುಕೊಳ್ಳಿ.

ಹಂತ 9: ಮಕ್ಕಳು, ಹಿರಿಯರು, ಹೆಣ್ಣುಮಕ್ಕಳು

6 ವರ್ಷದೊಳಗಿನ ಮಕ್ಕಳು ರಾತ್ರಿ 8ರ ನಂತರ ಟೆಂಟಿನಲ್ಲಿ ಇರುವಂತಿಲ್ಲ, ತಂದೆತಾಯಿ ಜೊತೆಗಿದ್ದರೂ ಸರಿ. ತಳ್ಳುಗಾಡಿ ಶನಿವಾರ ಮತ್ತು ಅಕ್ಟೋಬರ್ 3ರಂದು ಪೂರ್ತಿ ನಿಷೇಧ, ಉಳಿದ ದಿನ ಸಂಜೆ 6ರವರೆಗೆ ಮಾತ್ರ. ಮಗುವಿನ ಮುಂಗೈ ಮೇಲೆ ನಿಮ್ಮ ಫೋನ್ ನಂಬರನ್ನು ಪೆನ್ನಿನಲ್ಲಿ ಬರೆಯಿರಿ. ದೇಶದ ಕೋಡ್ +49 ಸೇರಿಸಿ.

ಹಿರಿಯರಿಗೆ ಮೈದಾನದ ದಕ್ಷಿಣ ಭಾಗದ 'ಓಯ್ಡೆ ವೀಸ್‌ನ್', ಅಂದರೆ ಹಳೆಯ ವೀಸ್‌ನ್, ತುಂಬ ಹಿಡಿಸುತ್ತದೆ. 2010ರಲ್ಲಿ 200ನೇ ವರ್ಷದ ನೆನಪಿಗೆ ಶುರುವಾದದ್ದು. ಹಳೆಯ ಕಾಲದ ತಿರುಗಣೆ, ಜಾನಪದ ಕುಣಿತ, ನಿಧಾನದ ಗತಿ. ಇದಕ್ಕೆ ಮಾತ್ರ ಸಣ್ಣ ಪ್ರವೇಶ ಶುಲ್ಕವಿದೆ. ಕೆಲವು ವರ್ಷ ಇದು ಇರುವುದಿಲ್ಲ, ಮೊದಲೇ ವಿಚಾರಿಸಿಕೊಳ್ಳಿ. ಅಪ್ಪ-ಅಮ್ಮನ ಪ್ರಯಾಣ ವಿಮೆಯ ಚೀಟಿಯ ಫೋಟೋ ನಿಮ್ಮ ಮೊಬೈಲಿನಲ್ಲಿರಲಿ.

ಶೊಟ್ಟೆನ್‌ಹಾಮೆಲ್ ಟೆಂಟಿನ ಹಿಂದೆ ಸೇವಾ ಕೇಂದ್ರವಿದೆ: ಪೊಲೀಸ್, ಪ್ರಥಮ ಚಿಕಿತ್ಸೆ, ತಪ್ಪಿಸಿಕೊಂಡ ಮಕ್ಕಳನ್ನು ನೋಡಿಕೊಳ್ಳುವವರು ಎಲ್ಲ ಅಲ್ಲೇ. ಹೆಣ್ಣುಮಕ್ಕಳಿಗೆಂದೇ 2003ರಿಂದ ನಡೆಯುತ್ತಿರುವ ಸುರಕ್ಷತಾ ಕೊಠಡಿಯೂ ಅಲ್ಲೇ ಇದೆ. ಯಾರಾದರೂ ಕಾಟ ಕೊಟ್ಟರೆ, ಗೆಳತಿಯರಿಂದ ತಪ್ಪಿಸಿಕೊಂಡರೆ, ಫೋನ್ ಬ್ಯಾಟರಿ ಮುಗಿದು ಮನೆಗೆ ಹೋಗುವ ದಾರಿ ತಿಳಿಯದಿದ್ದರೆ ನೇರ ಅಲ್ಲಿಗೆ ಹೋಗಿ. ಓದಲು ಬಂದಿರುವ ಹುಡುಗಿಯರು ಹೋಗುವ ಮೊದಲೇ ಆ ಜಾಗವನ್ನು ನಕ್ಷೆಯಲ್ಲಿ ಗುರುತು ಮಾಡಿಕೊಳ್ಳಬೇಕೆಂದು ನನ್ನ ಕೋರಿಕೆ.

ಹಂತ 10: ಮನೆಗೆ

ಬಿಯರ್ ರಾತ್ರಿ 10.30ಕ್ಕೆ ನಿಲ್ಲುತ್ತದೆ, ಹೆಚ್ಚಿನ ಟೆಂಟ್‌ಗಳು 11.30ಕ್ಕೆ ಮುಚ್ಚುತ್ತವೆ. ಆಗ ಎಲ್ಲರೂ ಒಮ್ಮೆಲೇ ಹೊರಬೀಳುತ್ತಾರೆ. ಮನೆಮಂದಿ ಜೊತೆಗಿದ್ದರೆ 5–6 ಗಂಟೆಗೇ ಹೊರಡಿ.

ಬಾಡಿಗೆಯ ಇ-ಸ್ಕೂಟರ್ ಹತ್ತಬೇಡಿ. ಆಟಿಕೆಯಂತೆ ಕಂಡರೂ ಅದಕ್ಕೆ ಕಾರಿನದೇ ಮದ್ಯದ ಮಿತಿ: 0.5 ಪ್ರೊಮಿಲೆ, ಒಂದು ಕಿಲೋ ರಕ್ತದಲ್ಲಿ ಅರ್ಧ ಗ್ರಾಂ ಆಲ್ಕೋಹಾಲ್. ಒಂದೇ ಮಾಸ್ ಕುಡಿದರೂ ದಾಟಬಹುದು. 21 ವರ್ಷದೊಳಗಿನವರಿಗೂ ಹೊಸ ಲೈಸೆನ್ಸಿನ ಮೊದಲ 2 ವರ್ಷದವರಿಗೂ ಮಿತಿ ಸೊನ್ನೆ. ಹಬ್ಬದ ದಿನಗಳಲ್ಲಿ ಪೊಲೀಸರು ಸುತ್ತಲಿನ ರಸ್ತೆಗಳಲ್ಲಿ ನಿಂತಿರುತ್ತಾರೆ. ಸ್ಕೂಟರಿನಲ್ಲಿ ಸಿಕ್ಕಿಬಿದ್ದು ಕಾರಿನ ಲೈಸೆನ್ಸ್ ಕಳೆದುಕೊಂಡವರು ಕಡಿಮೆಯಲ್ಲ.

ಹೊರಡುವಾಗ ಬೆಂಚಿನ ಕೆಳಗೊಮ್ಮೆ ನೋಡಿ, ಜಾಕೆಟ್, ಶಾಲು, ಮಗುವಿನ ಟೋಪಿ ಅಲ್ಲೇ ಬಿದ್ದಿರುತ್ತವೆ. ಆಮೇಲೆ ನೆನಪಾದರೆ ಮರುದಿನ ಸೇವಾ ಕೇಂದ್ರದ ಕಳೆದ ವಸ್ತುಗಳ ವಿಭಾಗದಲ್ಲಿ ವಿಚಾರಿಸಿ. ಮನೆಯಲ್ಲಿ ಬೆಳಗ್ಗೆಯೇ ಅನ್ನ ಮಾಡಿ, ಮೊಸರು ತಂದಿಟ್ಟು ಹೋಗಿರಿ. ಚೀಸು, ಬ್ರೆಡ್ಡು ತಿಂದು ಬಂದ ಅಪ್ಪ-ಅಮ್ಮ ಶೂ ಬಿಚ್ಚುವ ಮೊದಲು ಕೇಳುವುದು ಅದನ್ನೇ.